ಕೊಳೆಯಲೆಂದು ಬಿಟ್ಟ ಮುಖವಾಡ ಯಾರದ್ದು?

2025ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ದೇಶ ಪಪುವಾ ನ್ಯೂ ಗಿನಿಯಿಂದ ಬಂದ ಎರಡು ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತು 80ಕ್ಕೆ 4 ಮತಗಳಿಂದ ಸಂವಿಧಾನ ತಿದ್ದಿತು. ಅದರ ಪ್ರಕಾರ ಅದು ಈಗ ಕ್ರೈಸ್ತ ದೇಶ. ಸೆಪ್ಟೆಂಬರ್ 16ಕ್ಕೆ ಸ್ವಾತಂತ್ರ್ಯ ಬಂದು 50 ವರ್ಷ ತುಂಬಿತು. ಆ ದೇಶದಲ್ಲಿ ಸ್ವಾತಂತ್ರ್ಯ ದಿನ ಎಂದರೆ ಮೊದಲು ಕಣ್ಣಿಗೆ ಬೀಳುವುದು ಗರಿ, ಬಣ್ಣ, ಹಿರಿಯರ ಕಾಲದ ವೇಷ. ಒಂದು ಕಡೆ ಬೈಬಲ್, ಇನ್ನೊಂದು ಕಡೆ ಚರ್ಚು ಒಂದು ಕಾಲದಲ್ಲಿ ಸುಡಿ ಎಂದಿದ್ದ ವೇಷಗಳು.

ಇದೇ ಹೊತ್ತಿಗೆ ಯುರೋಪಿನಲ್ಲಿ ಬೇರೊಂದು ಚರ್ಚೆ ನಡೆಯುತ್ತಿದೆ. 2022ರಲ್ಲಿ ಜರ್ಮನಿ ಬೆನಿನ್ ಕಂಚುಗಳ (ಈಗ ನೈಜೀರಿಯಾದಲ್ಲಿರುವ ಹಳೆಯ ಬೆನಿನ್ ಅರಸೊತ್ತಿಗೆಯ ಲೋಹದ ಕಲಾಕೃತಿಗಳ) ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಆಫ್ರಿಕಾದ್ದು ಹೋಯಿತು, ಇನ್ನು ಪೆಸಿಫಿಕ್ ದ್ವೀಪಗಳ ಸರದಿ ಯಾವಾಗ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಬರ್ಲಿನ್, ಸ್ಟುಟ್‌ಗಾರ್ಟ್, ಹ್ಯಾಂಬರ್ಗ್‌ಗಳ ಮ್ಯೂಸಿಯಂ ಗೋದಾಮುಗಳಲ್ಲಿ ಮೆಲನೇಷ್ಯಾದ, ಅಂದರೆ ಪಪುವಾ ನ್ಯೂ ಗಿನಿ ಮತ್ತು ಅದರ ಸುತ್ತಲ ದ್ವೀಪಗಳ ಕೆತ್ತನೆಗಳು ರಾಶಿರಾಶಿ ಇವೆ.

ಕದ್ದದ್ದನ್ನು ವಾಪಸ್ ಕೊಡಿ, ಮುಗೀತು ಅಲ್ವಾ ಎಂದು ಅನ್ನಿಸುವುದು ಸಹಜ. ಆದರೆ ನ್ಯೂ ಐರ್ಲೆಂಡ್ ಎಂಬ ಒಂದು ದ್ವೀಪದ ಮುಖವಾಡಗಳನ್ನು ಹತ್ತಿರದಿಂದ ನೋಡಿದರೆ ಈ ಉತ್ತರ ಕೈಗೆ ಹತ್ತುವುದಿಲ್ಲ. ಅಲ್ಲಿನವರು ಅವನ್ನು ಇಟ್ಟುಕೊಳ್ಳಲೆಂದು ಮಾಡಿದವರೇ ಅಲ್ಲ. ಜತನವಾಗಿ ಕಾಯುತ್ತಿದ್ದದ್ದು ಬೇರೆ ಒಂದನ್ನು. ಅದರ ಮಾತು ಈ ಇಡೀ ಚರ್ಚೆಯಲ್ಲಿ ತುಂಬ ಕಡಿಮೆ ಕೇಳಿಬರುತ್ತದೆ.

ಸತ್ತವರನ್ನು ಕಳಿಸಿಕೊಡುವ ಕೆತ್ತನೆ

ನ್ಯೂ ಐರ್ಲೆಂಡ್ ಪಪುವಾ ನ್ಯೂ ಗಿನಿಗೆ ಸೇರಿದ, ಅದರ ಈಶಾನ್ಯ ಭಾಗದ ಉದ್ದನೆಯ ದ್ವೀಪ. ಉದ್ದ 350 ಕಿ.ಮೀ.ಗೂ ಜಾಸ್ತಿ, ಅಗಲ ಕೆಲವು ಕಡೆ 10 ಕಿ.ಮೀ. ಆಸುಪಾಸು. ಅದರ ಉತ್ತರ ಭಾಗದಲ್ಲಿ ಮತ್ತು ಪಕ್ಕದ ತಬಾರ್ ದ್ವೀಪಗಳಲ್ಲಿ ನಡೆಯುವ ಸಾವಿನ ಕಾರ್ಯಕ್ಕೆ ಮಲಗನ್ ಎಂದು ಹೆಸರು. ಆ ಕಾರ್ಯಕ್ಕೆಂದು ಮಾಡುವ ಕೆತ್ತನೆಗಳಿಗೂ ಅದೇ ಹೆಸರು.

ಯಾರಾದರೂ ಸತ್ತರೆ ಮಣ್ಣು ಮಾಡುತ್ತಾರೆ. ಅಲ್ಲಿಗೆ ಕಾರ್ಯ ಮುಗಿಯುವುದಿಲ್ಲ. ದೊಡ್ಡ ಮಲಗನ್ ನಡೆಯುವುದು ತಿಂಗಳುಗಳ, ಎಷ್ಟೋ ಸಲ ವರ್ಷಗಳ ನಂತರ. ಕಾರಣ ಸರಳ: ಖರ್ಚು. ಹಂದಿ ಸಾಕಬೇಕು, ಕೆಸುವಿನ ಗಡ್ಡೆ ಬೆಳೆಯಬೇಕು, ಚಿಪ್ಪಿನ ಮಣಿಗಳ ಸರ ಕೂಡಿಡಬೇಕು. ಹಣ ಇದ್ದಂತೆಯೇ ಈ ಸರ; ಕೊಡುಕೊಳ್ಳುವಿಕೆ ನಡೆಯುವುದು ಅದರಲ್ಲಿ. ಹಾಗಾಗಿ ಒಂದೇ ಕಾರ್ಯದಲ್ಲಿ ನಾಲ್ಕಾರು ಮಂದಿ ಸತ್ತವರನ್ನು ಒಟ್ಟಿಗೆ ನೆನೆಯುವುದೂ ಉಂಟು. ಕಾರ್ಯ ಮಾಡುವ ಕುಲದವರು ಕೆತ್ತುವವನನ್ನು ಗೊತ್ತು ಮಾಡುತ್ತಾರೆ. ಅವನು ಬೇಲಿ ಕಟ್ಟಿದ ಜಾಗದೊಳಗೆ, ಕಂಡವರ ಕಣ್ಣಿಗೆ ಬೀಳದಂತೆ ಕೆಲಸ ಮಾಡುತ್ತಾನೆ.

ಬಳಸುವ ಮರ ಹಗುರ. ಆಟಿ ಅಮಾವಾಸ್ಯೆಗೆ ತುಳುನಾಡಿನವರು ಕಷಾಯ ಮಾಡುವ ಹಾಲೆ ಮರ ಗೊತ್ತಲ್ಲ, ಅದೇ ಕುಲದ್ದು. ಮೆತ್ತಗಿನ ಈ ಮರದಲ್ಲಿ ಕೆತ್ತುವವನು ಹಕ್ಕಿಯೊಳಗೆ ಹಾವು, ಮೀನಿನ ಬಾಯಲ್ಲಿ ಮನುಷ್ಯ, ಮನುಷ್ಯನ ಮೈ ಸುತ್ತ ರೆಕ್ಕೆ ಎಂದು ಜಾಲಂಧ್ರದಂತೆ ಕೊರೆಯುತ್ತಾ ಹೋಗುತ್ತಾನೆ. ಎಲ್ಲಿ ಒಂದು ಪ್ರಾಣಿ ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳುವುದು ಕಷ್ಟ. ಹವಳ ಸುಟ್ಟ ಸುಣ್ಣದ ಬಿಳಿ, ಇದ್ದಿಲ ಕಪ್ಪು, ಕೆಮ್ಮಣ್ಣಿನ ಕೆಂಪು.

ಮುಖವಾಡಗಳಲ್ಲಿ ಹೆಸರಾದದ್ದು ತತಾನುವಾ. ಕುಣಿಯುವವನು ಇದನ್ನು ಶಿರಸ್ತ್ರಾಣದಂತೆ ತಲೆಗೆ ಹಾಕಿಕೊಳ್ಳುತ್ತಾನೆ. ಮುಖದ ಭಾಗ ಮರದ್ದು. ಮೇಲಿನದು ಬೆತ್ತದ ಚೌಕಟ್ಟು, ಅದಕ್ಕೆ ನಾರು ಇಲ್ಲವೇ ಬಟ್ಟೆಯ ಹೊದಿಕೆ. ಹಣೆಯಿಂದ ಹಿಂದಲೆಯವರೆಗೆ ನಡುವೆ ಎತ್ತರದ ಹಳದಿ ಜುಟ್ಟು. ಅದು ಆ ಕಡೆಯ ಗಂಡಸರು ಸೂತಕದಲ್ಲಿ ಮಾಡಿಕೊಳ್ಳುತ್ತಿದ್ದ ತಲೆಗೂದಲಿನ ರೀತಿ: ಎರಡೂ ಬದಿ ಬೋಳಿಸಿ ಸುಣ್ಣ ಮೆತ್ತುವುದು, ನಡುವೆ ಮಾತ್ರ ಬಣ್ಣ ಹಾಕಿದ ಕೂದಲು. ಮುಖವಾಡದ ಎಡಬದಿಯ ಅಲಂಕಾರ ಬಲಬದಿಯಂತೆ ಇರುವುದಿಲ್ಲ. ಬಾಯಿ ತೆರೆದು ಹಲ್ಲು ಕಾಣುತ್ತದೆ. ಕಣ್ಣಿಗೆ ಒಂದು ಜಾತಿಯ ಸಮುದ್ರ ಬಸವನಹುಳದ ಬಾಗಿಲು ಚಿಪ್ಪು ಕೂರಿಸುತ್ತಾರೆ. ದುಂಡಗೆ, ನಡುವೆ ಹಸಿರು, ಹೊಳಪು. ಮ್ಯೂಸಿಯಂನಲ್ಲಿ ನಿಂತು ನೋಡಿದವರಿಗೆಲ್ಲ ಮುಖವಾಡವೇ ತಮ್ಮನ್ನು ನೋಡಿದಂತೆ ಅನ್ನಿಸುವುದು ಈ ಚಿಪ್ಪಿನಿಂದ.

ಕಾರ್ಯದ ದಿನ ಬೇಲಿ ತೆಗೆದು ಕೆತ್ತನೆಗಳನ್ನು ತೋರಿಸುತ್ತಾರೆ. ಸೇರಿದವರು ನೋಡುತ್ತಾರೆ, ಕೊಡಬೇಕಾದದ್ದನ್ನು ಕೊಡುತ್ತಾರೆ, ಉಣ್ಣುತ್ತಾರೆ. ಅಷ್ಟಕ್ಕೆ ಸತ್ತವರ ಋಣ ತೀರಿತು, ಸೂತಕ ಕಳೆಯಿತು. ತಿಂಗಳುಗಟ್ಟಲೆ ಕೂತು ಕೆತ್ತಿದ್ದನ್ನು ಮರುದಿನದಿಂದ ಯಾರೂ ಕೇಳುವುದಿಲ್ಲ. ಸುಡುತ್ತಾರೆ, ಇಲ್ಲವೇ ಕಾಡಿನಲ್ಲಿ ಕೊಳೆಯಲು ಬಿಡುತ್ತಾರೆ. ತತಾನುವಾದಂಥ ಕುಣಿತದ ಮುಖವಾಡಗಳನ್ನು ಎತ್ತಿಟ್ಟು ಮತ್ತೆ ಬಳಸುವುದೂ ಇತ್ತು. ಆದರೆ ಒಟ್ಟು ರೀತಿ ಇದು: ಕೆಲಸ ಮುಗಿದ ಕೆತ್ತನೆ ಹೋಗಬೇಕು.

ಮೆಲನೇಷ್ಯಾದಲ್ಲಿ ಇದೊಂದೇ ಹೀಗಲ್ಲ. ಇಂಡೊನೇಷ್ಯಾಕ್ಕೆ ಸೇರಿದ ಪಪುವಾದ ಆಸ್ಮತ್ ಜನ ಸತ್ತವರಿಗೆಂದು ಕೆತ್ತಿದ ಎತ್ತರದ ಕಂಬಗಳನ್ನು ಸಾಗೋ ತೋಪಿನಲ್ಲಿ ಕೊಳೆಯಲು ಬಿಡುತ್ತಿದ್ದರು. ವನುವಾಟುವಿನ ಅಂಬ್ರಿಮ್ ದ್ವೀಪದಲ್ಲಿ ರೋಮ್ ಕುಣಿತದ ವೇಷಗಳಿಗೂ ಕುಣಿತದ ನಂತರ ಇದೇ ಗತಿ.

ಒಡೆತನ ಮರದ ಮೇಲೆ ಇಲ್ಲ

ಓದುವವರಿಗೆ ಈ ಹೊತ್ತಿಗೆ ಗಣಪತಿ ಬಿಡುವುದು ನೆನಪಾಗಿರಬಹುದು. ಸ್ವಲ್ಪ ದೂರ ಆ ಹೋಲಿಕೆ ಸರಿ. ಮಣ್ಣು ಮುಖ್ಯವಲ್ಲ, ಮರವೂ ಮುಖ್ಯವಲ್ಲ. ಆದರೆ ಒಂದು ಕಡೆ ಅದು ಕೆಡುತ್ತದೆ. ಗಣಪತಿಯನ್ನು ಯಾರು ಬೇಕಾದರೂ ಮಾಡಬಹುದು, ಸೊಂಡಿಲು ಎಡಕ್ಕೋ ಬಲಕ್ಕೋ ಎಂದು ಯಾರ ಅಪ್ಪಣೆಯೂ ಬೇಕಿಲ್ಲ. ನ್ಯೂ ಐರ್ಲೆಂಡಿನಲ್ಲಿ ಒಂದೊಂದು ಮಲಗನ್ ರೂಪಕ್ಕೂ ಒಡೆಯರಿದ್ದಾರೆ.

ಯಾವ ಹಕ್ಕಿ, ಅದರ ಬಾಯಲ್ಲಿ ಯಾವ ಹಾವು, ಪಕ್ಕದಲ್ಲಿ ಯಾವ ಗುರುತು, ಅದಕ್ಕೆ ಯಾವ ಹೆಸರು ಎಂಬ ಜೋಡಣೆ ಒಂದು ಕುಲದ ಸ್ವತ್ತು. ಅಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಈ ಹಕ್ಕನ್ನು ಇನ್ನೊಂದು ಕುಲಕ್ಕೆ ಕೊಡಬಹುದು, ಮಾರಬಹುದು. ಇಡೀ ರೂಪವನ್ನು ಕೊಡದೆ ಅದರ ಒಂದು ಭಾಗವನ್ನು ಮಾತ್ರ ಬಿಟ್ಟುಕೊಡಬಹುದು. ಈ ಕೈಬದಲು ನಡೆಯುವುದು ಮಲಗನ್ ಕಾರ್ಯದ ಹೊತ್ತಿನಲ್ಲಿ, ಎಲ್ಲರ ಎದುರಿಗೆ. ಹಕ್ಕು ಪಡೆಯುವವನು ಹಂದಿ, ಚಿಪ್ಪಿನ ಸರ ಕೊಟ್ಟು, ಕೆತ್ತನೆಯನ್ನು ಕಣ್ಣಾರೆ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದನ್ನು ಮತ್ತೆ ಕೆತ್ತಿಸುವುದು ಮುಂದಿನ ಸಾವು ಬಂದಾಗ, ಬಹುಶಃ ಒಂದು ತಲೆಮಾರು ಕಳೆದ ಮೇಲೆ. ಅಲ್ಲಿಯವರೆಗೆ ಅದು ಇರುವುದು ನೆನಪಿನಲ್ಲಿ ಮಾತ್ರ. ಹಕ್ಕಿಲ್ಲದವನು ಕೆತ್ತಿಸಿದರೆ ಜಗಳ, ದಂಡ.

ಈಗ ಕೆತ್ತನೆಯನ್ನು ನಾಶ ಮಾಡುವುದೇಕೆ ಎಂಬುದು ಹೆಚ್ಚು ಅರ್ಥವಾಗುತ್ತದೆ. ಕೆತ್ತನೆ ಊರ ನಡುವೆ ಹಾಗೇ ನಿಂತಿದ್ದರೆ ಯಾರು ಬೇಕಾದರೂ ನೋಡಿ ನಕಲು ಮಾಡಬಹುದು. ಅದು ಇಲ್ಲವಾದರೆ, ನೆನಪಿಟ್ಟುಕೊಳ್ಳುವ ಹಕ್ಕು ಇದ್ದವನಿಗೇ ಬೆಲೆ. ಈ ವ್ಯವಸ್ಥೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸುಸಾನೆ ಕ್ಯೂಕ್ಲರ್ ಮುಖ್ಯವಾಗಿ ಎತ್ತಿ ತೋರಿಸಿದ್ದು ಇದನ್ನೇ. ಕಾಪಿರೈಟ್, ಪೇಟೆಂಟ್ ಎಂದು ನಾವು ಇವತ್ತು ಕೋರ್ಟಿನಲ್ಲಿ ಹೊಡೆದಾಡುವುದನ್ನು ಆ ದ್ವೀಪದವರು ಕಾಗದ ಪತ್ರ ಇಲ್ಲದೆ ನಡೆಸಿಕೊಂಡು ಬಂದಿದ್ದರು.

ಗೋದಾಮು ತುಂಬಿದ್ದು ಹೇಗೆ

1880ರ ದಶಕದ ನಡುವಿನಿಂದ 1914ರವರೆಗೆ ಈ ದ್ವೀಪ ಜರ್ಮನರ ಕೈಯಲ್ಲಿತ್ತು. ಅವರು ಇಟ್ಟ ಹೆಸರು ನೋಯ್ ಮೆಕ್ಲೆನ್‌ಬರ್ಗ್. 1870ರ ದಶಕದಿಂದ ಈಚೆಗೆ ಸುಮಾರು 5,000 ಮಲಗನ್ ಕೆತ್ತನೆಗಳು ಜಗತ್ತಿನ ಮ್ಯೂಸಿಯಂಗಳಿಗೆ ಹೋಗಿವೆ ಎಂದು ಲೆಕ್ಕ. ಒಂದು ಸಣ್ಣ ಪ್ರದೇಶದ ಕಲೆಗೆ ಇದು ಬಲು ದೊಡ್ಡ ಸಂಖ್ಯೆ.

ತೆಗೆದುಕೊಂಡು ಹೋದವರು ಹಲವು ಬಗೆ. ತೆಂಗಿನ ಕೊಬ್ಬರಿ ವ್ಯಾಪಾರಿಗಳು, ಮಿಷನರಿಗಳು, ನೌಕಾಪಡೆಯವರು. 1907ರಿಂದ 1909ರವರೆಗೆ ಜರ್ಮನ್ ನೌಕಾಪಡೆಯ ಸಂಶೋಧನಾ ತಂಡವೊಂದು ಅಲ್ಲೇ ಬೀಡುಬಿಟ್ಟಿತ್ತು. ಅದರ ಎಡ್ಗರ್ ವಾಲ್ಡೆನ್ ದ್ವೀಪದ ಉತ್ತರದಲ್ಲಿ ಮಲಗನ್ ಬಗ್ಗೆಯೇ ಕೆಲಸ ಮಾಡಿದ. ದ್ವೀಪದ ಮುಖ್ಯ ಪಟ್ಟಣ ಕಾವಿಯೆಂಗ್‌ನಲ್ಲಿ ಜಿಲ್ಲಾಧಿಕಾರಿಯಾಗಿದ್ದ ಫ್ರಾನ್ಸ್ ಬೊಲುಮಿನ್ಸ್ಕಿಯ ಹೆಸರು ಈಗಲೂ ಅಲ್ಲಿನ ಕರಾವಳಿ ಹೆದ್ದಾರಿಗೆ ಇದೆ. ರಸ್ತೆ ಮಾಡಿದ್ದು ಊರೂರಿನವರ ಬಿಟ್ಟಿ ದುಡಿಮೆಯಿಂದ. ರಸ್ತೆ ಕಟ್ಟಿಸಿದ ಅಧಿಕಾರಿಯೇ ಕೆತ್ತನೆಗಳನ್ನೂ ಸಂಗ್ರಹಿಸಿ ಜರ್ಮನಿಗೆ ಕಳಿಸುತ್ತಿದ್ದ. ಸ್ಟುಟ್‌ಗಾರ್ಟಿನ ಮ್ಯೂಸಿಯಂ ಕಟ್ಟಿದ ಕೌಂಟ್ ಕಾರ್ಲ್ ಫೊನ್ ಲಿಂಡೆನ್ ಹತ್ತಿರ ಒಂದು ಉಪಾಯವಿತ್ತು. ಒಳ್ಳೆ ಸಂಗ್ರಹ ಕಳಿಸಿದ ವಸಾಹತು ಅಧಿಕಾರಿಗಳಿಗೆ ವುರ್ಟೆಂಬರ್ಗ್ ರಾಜನಿಂದ ಪದಕ ಕೊಡಿಸುವುದು! ಎದೆಗೆ ಪದಕ ಬೇಕಾದವರು ಮುಖವಾಡ ಹುಡುಕಿದರು.

ದ್ವೀಪದವರ ಕಡೆಯಿಂದ ನೋಡಿದರೆ ಲೆಕ್ಕ ಹೀಗಿದೆ. ಹೇಗೂ ಕೊಳೆಯಲು ಬಿಡುವ ವಸ್ತು. ಬಿಳಿಯರು ಅದಕ್ಕೆ ಕಬ್ಬಿಣದ ಉಪಕರಣ, ಬಟ್ಟೆ, ಹೊಗೆಸೊಪ್ಪು, ಕಾಸು ಕೊಡುತ್ತಾರೆ. ಊರಿಂದಾಚೆ ಹೋಗಿಬಿಟ್ಟರೆ ಸುಟ್ಟ ಹಾಗೇ ಅಲ್ವಾ? ಮಾರುವುದೂ ಕೆತ್ತನೆಯನ್ನು ಇಲ್ಲವಾಗಿಸುವ ಒಂದು ದಾರಿಯಾಯಿತು. ಹಾಗೆ ಬಂದ ಕಬ್ಬಿಣದ ಉಳಿ, ಚಾಕುಗಳಿಂದ ಕೆತ್ತನೆ ಇನ್ನಷ್ಟು ನಾಜೂಕಾಯಿತು. ಬಟ್ಟೆಗೆ ಹಾಕುವ ನೀಲಿಪುಡಿ ಮುಖವಾಡದ ಬಣ್ಣವಾಯಿತು. ಮ್ಯೂಸಿಯಂಗಳಲ್ಲಿ ಇವತ್ತು ನಾವು ಬಾಯಿ ಬಿಟ್ಟು ನೋಡುವ, ಕೂದಲೆಳೆಯಂಥ ಕೊರೆತದ ಮಲಗನ್‌ಗಳಲ್ಲಿ ಎಷ್ಟೋ ಈ ವ್ಯಾಪಾರದ ಕಾಲದವು. ವಸಾಹತಿಗೆ ಮುಂಚಿನ ಶುದ್ಧ ಕಲೆ ಎಂದು ಅವನ್ನು ಕರೆಯುವುದು ಸುಮ್ನೆ ಕಥೆ ಕಟ್ಟಿದಂತೆ.

ಖರೀದಿಯೋ, ಕೊಳ್ಳೆಯೋ

ಇಲ್ಲಿಂದ ವಾದಗಳು ಕವಲೊಡೆಯುತ್ತವೆ.

ಮ್ಯೂಸಿಯಂಗಳ ಕಡೆಯ ವಾದ ಸುಲಭ. ಬೆನಿನ್ ಕಂಚು ಬಂದದ್ದು 1897ರಲ್ಲಿ ಬ್ರಿಟಿಷ್ ಸೈನ್ಯ ಅರಮನೆ ಸುಟ್ಟು ಲೂಟಿ ಮಾಡಿದ್ದರಿಂದ. ಮಲಗನ್ ಬಂದದ್ದು ಹಾಗಲ್ಲ. ಹೆಚ್ಚಿನವನ್ನು ದುಡ್ಡೋ ಸಾಮಾನೋ ಕೊಟ್ಟು ಕೊಂಡಿದ್ದು. ನಾವು ಒಯ್ಯದಿದ್ದರೆ ಒಂದೂ ಉಳಿಯುತ್ತಿರಲಿಲ್ಲ ಎನ್ನುತ್ತಾರೆ.

ಎರಡನೆಯ ಮಾತು ನಿಜ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಉಳಿಸಿ ಎಂದು ಯಾರೂ ಕೇಳಿರಲಿಲ್ಲ. ಮೊದಲನೆಯ ಮಾತಿನ ಸುತ್ತಲ ಸಂದರ್ಭ ನೋಡಬೇಕು. 1900ರ ದಶಕದಲ್ಲಿ ಜರ್ಮನರು ತಲೆಗಂದಾಯ ಹಾಕಿದರು. ಕಂದಾಯಕ್ಕೆ ನಗದು ಬೇಕು. ನಗದು ಸಿಗುವುದು ತೋಟದ ಕೂಲಿಗೆ ಹೋದರೆ, ಇಲ್ಲವೇ ಏನನ್ನಾದರೂ ಮಾರಿದರೆ. ಮೇಲಿಂದ ಮೇಲೆ ರೋಗಗಳು ಬಂದು ಜನ ಸಾಯುತ್ತಿದ್ದ ಕಾಲವದು. ಸಾವು ಹೆಚ್ಚಾದರೆ ಕಾರ್ಯವೂ ಹೆಚ್ಚು, ಕೆತ್ತನೆಯೂ ಹೆಚ್ಚು. ಕೊಳ್ಳುವವನು ಕಂದಾಯ ವಸೂಲಿ ಮಾಡುವ, ಬಿಟ್ಟಿ ಕೆಲಸಕ್ಕೆ ಹಚ್ಚುವ ಸಾಹೇಬನೇ ಆಗಿದ್ದರೆ ಆ ವ್ಯಾಪಾರವನ್ನು ಬರೀ ವ್ಯಾಪಾರ ಎಂದು ಕರೆಯುವುದು ಹೇಗೆ?

ನೆರೆಯ ಒಂದು ಉದಾಹರಣೆ ಈ ಪ್ರಶ್ನೆಯನ್ನು ಬರ್ಲಿನ್ ತನಕ ಮುಟ್ಟಿಸಿತು. ಲುಫ್ ದ್ವೀಪದ ಸುಮಾರು 15 ಮೀಟರ್ ಉದ್ದದ ದೋಣಿಯನ್ನು 1903ರಲ್ಲಿ ಜರ್ಮನ್ ವ್ಯಾಪಾರಿ ಕಂಪನಿಯೊಂದರ ಮೂಲಕ ಒಯ್ಯಲಾಯಿತು. ಈಗ ಅದು ಬರ್ಲಿನ್‌ನ ಹುಂಬೋಲ್ಟ್ ಫೋರಂ ಮ್ಯೂಸಿಯಂನಲ್ಲಿದೆ. ದೋಣಿ ಒಳಗೆ ಬಾಗಿಲಿನಿಂದ ಹೋಗುವುದಿಲ್ಲವಾದ್ದರಿಂದ ಕಟ್ಟಡ ಮುಗಿಯುವ ಮುಂಚೆಯೇ, 2018ರಲ್ಲಿ, ಒಳಗೆ ಇಳಿಸಬೇಕಾಯಿತು. 2021ರಲ್ಲಿ ಇತಿಹಾಸಕಾರ ಗೋಟ್ಸ್ ಆಲಿ ಆ ದ್ವೀಪದ ಮೇಲೆ 1882–83ರಲ್ಲಿ ಜರ್ಮನ್ ನೌಕಾಪಡೆ ನಡೆಸಿದ ದಾಳಿಯನ್ನು ಮುನ್ನೆಲೆಗೆ ತಂದರು. ಊರು ಸುಟ್ಟು, ಜನರನ್ನು ಕೊಂದು, ದೋಣಿಗಳನ್ನು ನಾಶ ಮಾಡಿದ 20 ವರ್ಷಗಳ ನಂತರ ಉಳಿದವರ ಹತ್ತಿರ ಕೊನೆಯ ದೊಡ್ಡ ದೋಣಿ ಕೊಂಡರೆ ಅದು ಖರೀದಿಯೇ ಎಂದು ಕೇಳಿದರು. ಅಲ್ಲಿಂದ ಜರ್ಮನಿಯಲ್ಲಿ ಪೆಸಿಫಿಕ್ ಸಂಗ್ರಹಗಳ ಬಗ್ಗೆ ಮಾತು ಬದಲಾಯಿತು.

ಹಾಗೆಂದು ದ್ವೀಪದವರನ್ನು ಬರೀ ಮೋಸ ಹೋದವರು ಎಂದು ಚಿತ್ರಿಸುವುದೂ ಸರಿಯಲ್ಲ. ಯಾವುದನ್ನು ಮಾರಬೇಕು, ಯಾವುದನ್ನು ಮಾರಬಾರದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮರ ಮಾರಿದರು. ಆ ರೂಪವನ್ನು ಮತ್ತೆ ಮಾಡುವ ಹಕ್ಕು ಮಾರಲಿಲ್ಲ. ಕೊಂಡ ಯಾವ ಜರ್ಮನನೂ ಅದಕ್ಕೆ ಹಂದಿ ಕೊಡಲಿಲ್ಲ, ಕುಲದವರ ಎದುರು ಹಕ್ಕು ಪಡೆಯಲಿಲ್ಲ. ಇಡೀ ವ್ಯವಹಾರದಲ್ಲಿ ಕೈ ಬದಲಾಗಿದ್ದು ಏನು ಎಂದು ಕೇಳಿದರೆ, ಅಲ್ಲಿನ ಕಾನೂನಿನ ಪ್ರಕಾರ, ಕಟ್ಟಿಗೆ.

ರಾಜಧಾನಿಯ ಮಾತು, ಊರಿನ ಮಾತು

ಪಪುವಾ ನ್ಯೂ ಗಿನಿಯ ಮೊದಲ ಪ್ರಧಾನಿ ಮೈಕಲ್ ಸೋಮಾರೆ ಸ್ವಾತಂತ್ರ್ಯಕ್ಕೆ ಮುಂಚೆಯೇ ಈ ವಿಷಯ ಎತ್ತಿದ್ದರು. ನಮ್ಮ ಮುಖವಾಡಗಳು ಜೀವ ಇರುವವು, ಅವಕ್ಕೆ ಅವುಗಳದ್ದೇ ನೆಲೆ ಇದೆ, ದೂರದ ನ್ಯೂಯಾರ್ಕ್, ಪ್ಯಾರಿಸ್‌ಗಳಲ್ಲಿ ಅವು ಇರಬಾರದು ಎಂಬುದು ಅವರ ನಿಲುವು. ಸೋಮಾರೆ ದೇಶದ ಉತ್ತರದ ಸೆಪಿಕ್ ನದಿಯ ಕಡೆಯವರು. ಅಲ್ಲಿ ಊರ ನಡುವಿನ ದೊಡ್ಡ ದೈವದ ಮನೆಗಳಲ್ಲಿ ಕೆತ್ತನೆಗಳನ್ನು ಕಾಪಾಡುವ ಪದ್ಧತಿ ಇದೆ. ಆ ನೆಲದಿಂದ ನೋಡಿದರೆ ಅವರ ಮಾತು ನೂರಕ್ಕೆ ನೂರು ಸರಿ. ಕೆತ್ತನೆ ಕೊಳೆಯಬೇಕು ಎನ್ನುವ ನ್ಯೂ ಐರ್ಲೆಂಡಿಗೆ ಅದೇ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ. 800ಕ್ಕೂ ಜಾಸ್ತಿ ಭಾಷೆಗಳ ದೇಶಕ್ಕೆ ಮುಖವಾಡದ ಬಗ್ಗೆ ಒಂದೇ ಧೋರಣೆ ಇರಬೇಕು ಎಂದು ನಿರೀಕ್ಷಿಸುವುದೇ ತಪ್ಪು.

ವಿಷಯ ಬರೀ ಮಾತಿನಲ್ಲೇ ನಿಲ್ಲಲಿಲ್ಲ. ಈಗಿನ ದೇಶದ ದಕ್ಷಿಣ ಭಾಗವಾದ ಬ್ರಿಟಿಷ್ ನ್ಯೂ ಗಿನಿಯನ್ನು ಆಳಿದ ವಿಲಿಯಂ ಮೆಕ್‌ಗ್ರೆಗರ್ ಕೂಡಿಸಿದ್ದ ಸಂಗ್ರಹ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಮ್ಯೂಸಿಯಂನಲ್ಲಿತ್ತು. ಅದರಲ್ಲಿ ಸುಮಾರು 3,000 ವಸ್ತುಗಳು 1980ರಿಂದ 1990ರ ದಶಕದ ಮೊದಲ ವರ್ಷಗಳ ನಡುವೆ ಪೋರ್ಟ್ ಮೋರ್ಸ್‌ಬಿಯ ರಾಷ್ಟ್ರೀಯ ಮ್ಯೂಸಿಯಂಗೆ ವಾಪಸ್ ಬಂದವು. ವಾಪಸ್ ಕೊಡುವುದು ಎಂದರೆ ಈಚಿನ ಫ್ಯಾಷನ್ ಎಂದು ತಿಳಿದವರು ಇದನ್ನು ಗಮನಿಸಬೇಕು. ಆದರೆ ಬಂದದ್ದು ರಾಜಧಾನಿಗೆ. ಅಲ್ಲಿಂದ ಊರಿಗೆ ಹೋಗುವ ದಾರಿ ಇನ್ನೂ ಉದ್ದ.

ಪಾರ್ಲಿಮೆಂಟಿನ ಬಾಗಿಲ ಮೇಲೆ ಗರಗಸ

ರಾಜಧಾನಿಯಲ್ಲಿ ಕೆತ್ತನೆ ಸುರಕ್ಷಿತವೇ ಎಂಬ ಪ್ರಶ್ನೆಗೆ 2013ರಲ್ಲಿ ಒಂದು ಅನಿರೀಕ್ಷಿತ ಉತ್ತರ ಸಿಕ್ಕಿತು.

ಪೋರ್ಟ್ ಮೋರ್ಸ್‌ಬಿಯ ಸಂಸತ್ ಭವನ ಉದ್ಘಾಟನೆಯಾದದ್ದು 1984ರಲ್ಲಿ. ಕಟ್ಟಡದ ಮುಂಭಾಗ ಸೆಪಿಕ್ ಕಡೆಯ ದೈವದ ಮನೆಯಂತೆ ಮುಗಿಲಿಗೆ ಚಾಚಿದೆ. ಬಾಗಿಲ ಮೇಲಿನ ಅಡ್ಡಪಟ್ಟಿಯಲ್ಲಿ 19 ಕೆತ್ತಿದ ಮುಖಗಳಿದ್ದವು. ದೇಶದ ಪ್ರಾಂತ್ಯಗಳೆಲ್ಲ ಒಂದೇ ಬಾಗಿಲಡಿ ಬರಲಿ ಎಂಬ ಆಶಯ. 2013ರ ಕೊನೆಗೆ ಸ್ಪೀಕರ್ ಥಿಯೋ ಜುರೆನುವಕ್ ಅವನ್ನು ಕೀಳಿಸಿದರು. ಇವು ದೇವರಿಗೆ ಸಲ್ಲದ ವಿಗ್ರಹಗಳು, ದೇಶಕ್ಕೆ ಕೆಟ್ಟದ್ದು ತರುತ್ತಿವೆ ಎಂಬುದು ಅವರ ಸಮರ್ಥನೆ. ಒಳಗಿದ್ದ ದೊಡ್ಡ ಕೆತ್ತನೆ ಕಂಬವನ್ನು ತೆಗೆದು ಬೈಬಲ್ ಸಹಿತ ಏಕತಾ ಸ್ತಂಭ ನಿಲ್ಲಿಸುವ ಯೋಜನೆಯೂ ಇತ್ತು. ಸೋಮಾರೆ ಕೆಂಡವಾದರು. ರಾಷ್ಟ್ರೀಯ ಮ್ಯೂಸಿಯಂನ ನಿರ್ದೇಶಕ ಆಂಡ್ರ್ಯೂ ಮೌಟು ಎದುರು ನಿಂತರು. ವಿಷಯ ಕೋರ್ಟ್ ಮೆಟ್ಟಿಲೇರಿತು.

2025ರ ಸಂವಿಧಾನ ತಿದ್ದುಪಡಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತಿದ್ದುಪಡಿಯಿಂದ ಮುಖವಾಡಗಳೇನೂ ನಿಷಿದ್ಧವಾಗಿಲ್ಲ. ಧಾರ್ಮಿಕ ಸ್ವಾತಂತ್ರ್ಯದ ವಿಧಿಯೂ ಇದೆ. ಆದರೆ ಮುಂದೆ ಯಾವನೋ ಅಧಿಕಾರಿ ಇನ್ನೊಂದು ಕೆತ್ತನೆಯನ್ನು ಕೀಳಿಸಲು ಹೊರಟರೆ ಅವನ ಕೈಗೆ ಈಗ ಒಂದು ವಾದ ಹೆಚ್ಚಿಗೆ ಸಿಕ್ಕಿದೆ. ವಾಪಸ್ ಕೊಡಲು ಇಷ್ಟವಿಲ್ಲದ ಯುರೋಪಿನ ಮ್ಯೂಸಿಯಂಗಳಿಗೂ ಒಂದು ನೆಪ ಸಿಕ್ಕಂತಾಯಿತು.

ಆದರೂ ಇದನ್ನು ಚರ್ಚು ವಿರುದ್ಧ ಮುಖವಾಡ ಎಂದು ನೇರ ಗೆರೆ ಎಳೆದು ನೋಡುವುದು ನ್ಯೂ ಐರ್ಲೆಂಡಿಗೆ ಒಪ್ಪುವುದಿಲ್ಲ. ಅಲ್ಲಿ ಮಿಷನರಿಗಳು ಬಂದದ್ದು 1875ರಲ್ಲಿ. ಈಗ ಬಹುತೇಕ ಎಲ್ಲರೂ ಕ್ರೈಸ್ತರು. ಭಾನುವಾರ ಚರ್ಚಿಗೆ ಹೋಗುವ ಕುಟುಂಬವೇ ಸತ್ತ ಹಿರಿಯನಿಗೆ ಮಲಗನ್ ಮಾಡುತ್ತದೆ. ಕೆಲವು ಕಡೆ ಮರದ ಕೆತ್ತನೆ ಇರಬೇಕಾದಲ್ಲಿ ಸಿಮೆಂಟಿನ ಸಮಾಧಿ ಬಂದಿದೆ. ಹಂದಿ, ಹಂಚಿಕೆ, ಹಕ್ಕಿನ ಲೆಕ್ಕ ನಡೆದೇ ಇದೆ.

ವಾಪಸ್ ಬಂದರೆ ಏನಾಗುತ್ತದೆ

ನಾಳೆ ಒಂದು ಜರ್ಮನ್ ಮ್ಯೂಸಿಯಂ 100 ಮಲಗನ್‌ಗಳನ್ನು ಪೆಟ್ಟಿಗೆ ಕಟ್ಟಿತು ಎಂದುಕೊಳ್ಳೋಣ. ಕಾನೂನಿನ ತೊಡಕು ಅಲ್ಲಿ ಕಡಿಮೆ. ವಸಾಹತು ಕಾಲದ ಸಂಗ್ರಹಗಳ ಬಗ್ಗೆ 2019ರಲ್ಲೇ ಕೇಂದ್ರ ಮತ್ತು ರಾಜ್ಯಗಳು ಸೇರಿ ಒಂದು ಒಪ್ಪಂದಕ್ಕೆ ಬಂದಿವೆ. ಅದೇ ವರ್ಷ ಸ್ಟುಟ್‌ಗಾರ್ಟಿನ ಲಿಂಡೆನ್ ಮ್ಯೂಸಿಯಂ ನಮೀಬಿಯಾದ ನಾಯಕ ಹೆಂಡ್ರಿಕ್ ವಿಟ್‌ಬೋಯಿಯ ಬೈಬಲ್ಲು, ಚಾವಟಿಗಳನ್ನು ವಾಪಸ್ ಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂ ಆಗಿದ್ದರೆ ಕಷ್ಟ. 1963ರ ಕಾಯ್ದೆ ಅದರ ಕೈ ಕಟ್ಟಿದೆ.

ಮೊದಲ ತೊಡಕು ವಿಷ. ಹುಳ ಹಿಡಿಯಬಾರದೆಂದು ಹಿಂದಿನ ಕಾಲದ ಮ್ಯೂಸಿಯಂಗಳು ಮರ, ಗರಿ, ನಾರಿನ ವಸ್ತುಗಳಿಗೆ ಆರ್ಸೆನಿಕ್, ಮುಂದೆ ಡಿಡಿಟಿಯಂಥ ಕೀಟನಾಶಕಗಳನ್ನು ಬಳಿಯುತ್ತಿದ್ದವು, ಸಿಂಪಡಿಸುತ್ತಿದ್ದವು. ಅದು ಮರದೊಳಗೆ ಇಳಿದಿರುತ್ತದೆ, ಪೂರ್ತಿ ತೆಗೆಯಲಾಗುವುದಿಲ್ಲ. ಅಂಥ ತತಾನುವಾವನ್ನು ತಲೆಗೆ ಹಾಕಿ ಬಿಸಿಲಲ್ಲಿ ಬೆವರುತ್ತಾ ಕುಣಿಯುವ ಹಾಗಿಲ್ಲ. ಸುಡುವ ಹಾಗೂ ಇಲ್ಲ, ಆ ಹೊಗೆ ಕುಡಿದವರ ಗತಿ ಏನು? ಕೊಳೆಯಲೆಂದು ಮಾಡಿದ್ದನ್ನು ಕೊಳೆಯಬಾರದ ಹಾಗೆ ಮಾಡಿ ಕೂರಿಸಿಬಿಟ್ಟಿದ್ದಾರೆ.

ಎರಡನೆಯದು, ಯಾರ ಕೈಗೆ ಕೊಡುವುದು? ರಾಷ್ಟ್ರಕ್ಕೆ ಕೊಟ್ಟರೆ ರಾಷ್ಟ್ರೀಯ ಮ್ಯೂಸಿಯಂನ ಗೋದಾಮು. ಪ್ರಾಂತ್ಯಕ್ಕೆ ಕೊಟ್ಟರೆ ಕಾವಿಯೆಂಗ್. ಕುಲಕ್ಕೆ ಕೊಡಬೇಕೆಂದರೆ ಯಾವ ಕುಲ? 100 ವರ್ಷಗಳ ಹಿಂದಿನ ಮ್ಯೂಸಿಯಂ ಪುಸ್ತಕದಲ್ಲಿ ಎಷ್ಟೋ ಸಲ ನೋಯ್ ಮೆಕ್ಲೆನ್‌ಬರ್ಗ್ ಎಂದಷ್ಟೇ ಇರುತ್ತದೆ, ಊರಿನ ಹೆಸರೂ ಇರುವುದಿಲ್ಲ. ಅಷ್ಟರಲ್ಲಿ ಆ ರೂಪದ ಹಕ್ಕು ನಾಲ್ಕು ಕೈ ಬದಲಾಗಿರಬಹುದು. ಒಂದೇ ರೂಪ ತಮ್ಮದೆಂದು ಎರಡು ಕುಲದವರು ಬಂದರೆ ತೀರ್ಪು ಕೊಡುವವರು ಬರ್ಲಿನ್‌ನ ಗುಮಾಸ್ತರೇ? ಬೆನಿನ್ ವಿಷಯದಲ್ಲಿ ಇಂಥದ್ದೇ ಆಯಿತು. ಜರ್ಮನಿ ಕೊಟ್ಟದ್ದು ನೈಜೀರಿಯಾ ದೇಶಕ್ಕೆ. 2023ರಲ್ಲಿ ಅಲ್ಲಿನ ಅಧ್ಯಕ್ಷರು ಅವುಗಳ ಒಡೆತನ ಬೆನಿನ್‌ನ ಓಬಾ, ಅಂದರೆ ಅರಸನದ್ದು ಎಂದು ಘೋಷಿಸಿದರು. ಯುರೋಪಿನಲ್ಲಿ ಕೆಲವರು ಹುಬ್ಬೇರಿಸಿದರು. ಅರಸನಿರುವ ಕಡೆಯೇ ಇಷ್ಟು ಗೊಂದಲವಾದರೆ, ಅರಸರೇ ಇಲ್ಲದ, ಕುಲಕುಲಗಳ ನಡುವಿನ ಒಪ್ಪಂದದಲ್ಲಿ ಎಲ್ಲ ನಡೆಯುವ ದ್ವೀಪದಲ್ಲಿ ಹೇಗೆ?

ಇವು ವಾಪಸ್ ಕೊಡದಿರಲು ಕಾರಣಗಳಲ್ಲ. ಬಲವಂತದಿಂದ ತಂದದ್ದು ಎಂದು ಗೊತ್ತಾದದ್ದನ್ನು, ಕೇಳುವವರಿದ್ದರೆ, ಕೊಡಲೇಬೇಕು. ಸಾಗಣೆಯ ಖರ್ಚು, ವಿಷದ ಪರೀಕ್ಷೆಯ ಖರ್ಚು ಒಯ್ದವರದ್ದೇ ಆಗಬೇಕು. ಆದರೆ ಪೆಟ್ಟಿಗೆ ಹಡಗು ಹತ್ತಿದರೆ ಲೆಕ್ಕ ಚುಕ್ತಾ ಎಂದು ಯಾರೂ ತಿಳಿಯಬಾರದು. ಮ್ಯೂಸಿಯಂಗಳಿಗೆ ಹಾಗೆ ತಿಳಿಯುವುದು ತುಂಬ ಅನುಕೂಲ. ಕಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳಬಹುದು.

ಫೋಟೋ ಯಾರದ್ದು

ಮಲಗನ್ ಹಕ್ಕು ಕೈ ಬದಲಾಗುವುದು ನೋಡುವುದರ ಮೂಲಕ ಎಂದೆವಲ್ಲ. ಈಗ ಮ್ಯೂಸಿಯಂಗಳು ತಮ್ಮ ಸಂಗ್ರಹದ ಒಳ್ಳೊಳ್ಳೆ ಫೋಟೋಗಳನ್ನು ಅಂತರ್ಜಾಲಕ್ಕೆ ಹಾಕುತ್ತಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಉದ್ದೇಶ ಒಳ್ಳೆಯದೇ. ಆದರೆ ಒಂದು ಕುಲ ಹಂದಿ, ಸರ ಕೊಟ್ಟು ಪಡೆದ ನೋಟವನ್ನು ಜಗತ್ತಿಗೆ ಪುಕ್ಕಟೆ ಹಂಚಿದಂತೆಯೂ ಆಗುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. ಕೆತ್ತುವವರು ಮರೆತುಹೋದ ರೂಪಗಳನ್ನು ಹಳೆಯ ಮ್ಯೂಸಿಯಂ ಚಿತ್ರಗಳಿಂದ ಮತ್ತೆ ಕಲಿತದ್ದುಂಟು. ದ್ವೀಪದ ನಾಲಿಕ್ ಭಾಷೆಯ ಜನರ ಜೊತೆ ಮಾನವಶಾಸ್ತ್ರಜ್ಞ ಗ್ರೇಮ್ ವೇರ್ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ಮ್ಯೂಸಿಯಂನಲ್ಲಿರುವ ಮಲಗನ್‌ಗಳ ಡಿಜಿಟಲ್ ಚಿತ್ರಗಳನ್ನು ಊರಿಗೆ ಮುಟ್ಟಿಸುವ ಕೆಲಸ. ಹಳೆ ಮರ ಅಲ್ಲೇ ಇರಲಿ, ರೂಪ ನಮಗೆ ಬರಲಿ, ಹೊಸ ಮರದಲ್ಲಿ ನಾವೇ ಕೆತ್ತುತ್ತೇವೆ ಎಂಬುದು ಮಲಗನ್ ತರ್ಕಕ್ಕೆ ತೀರಾ ಹತ್ತಿರದ ಬೇಡಿಕೆ. ಹಡಗಿನಲ್ಲಿ ಬರುವ ಪೆಟ್ಟಿಗೆಗಿಂತ ಇದು ಅಗ್ಗ. ಸುದ್ದಿಯಾಗುವುದಿಲ್ಲ ಅಷ್ಟೆ, ಮಂತ್ರಿಗಳ ಫೋಟೋಗೆ ಅವಕಾಶವಿಲ್ಲ ನೋಡಿ.

ಕಾನೂನು ಮಾತ್ರ ಇದಕ್ಕೆ ಒದಗುವುದಿಲ್ಲ. ಸಾಮಾನ್ಯ ಕಾಪಿರೈಟಿಗೆ ಗೊತ್ತಿರುವ ಒಬ್ಬ ಕರ್ತೃ ಬೇಕು, ಅವನು ಸತ್ತು ಇಷ್ಟು ವರ್ಷಕ್ಕೆ ಹಕ್ಕು ಮುಗಿಯಬೇಕು. ಮಲಗನ್ ರೂಪಕ್ಕೆ ಮೊದಲ ಕರ್ತೃ ಯಾರೆಂದು ಹೇಳುವವರಿಲ್ಲ. ಹಕ್ಕು ಮುಗಿಯುವುದೂ ಇಲ್ಲ, ಸಾವಿನಿಂದ ಸಾವಿಗೆ ದಾಟುತ್ತಾ ಹೋಗುತ್ತದೆ. ಪೆಸಿಫಿಕ್ ದೇಶಗಳು 2002ರಲ್ಲೇ ಸಾಂಪ್ರದಾಯಿಕ ಜ್ಞಾನ ಮತ್ತು ಕಲೆಗಳ ರಕ್ಷಣೆಗೆ ಒಂದು ಮಾದರಿ ಕಾನೂನು ಸಿದ್ಧ ಮಾಡಿಕೊಂಡವು. ಅದು ದೇಶದೊಳಗೆ ನಡೆದೀತು, ಬರ್ಲಿನ್‌ನಲ್ಲಿ ನಡೆಯದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಎರಡು ದಶಕಗಳ ಎಳೆದಾಟದ ನಂತರ 2024ರ ಮೇ ತಿಂಗಳಲ್ಲಿ ಒಂದು ಒಪ್ಪಂದವೇನೋ ಆಯಿತು. ಆದರೆ ಅದು ಗಿಡ, ಬೀಜದಂಥ ತಳಿ ಸಂಪನ್ಮೂಲ ಮತ್ತು ಅದಕ್ಕೆ ಸೇರಿದ ಜ್ಞಾನದ ಕುರಿತಾದದ್ದು. ಕೆತ್ತನೆ, ಕುಣಿತ, ಹಾಡುಗಳು ಅದರ ಹೊರಗೇ ಉಳಿದವು.

ಇದರ ಫಲ ದಿನನಿತ್ಯದ ಮಟ್ಟದಲ್ಲಿ ಕಾಣುತ್ತದೆ. ಯಾವುದೋ ಅಂಗಡಿ 100 ವರ್ಷ ಹಳೆಯ ತತಾನುವಾದ ಚಿತ್ರವನ್ನು ಕಾಫಿ ಮಗ್ಗಿನ ಮೇಲೆ ಅಚ್ಚು ಹಾಕಿ ಮಾರಿದರೆ, ಇವತ್ತಿನ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅದಕ್ಕೆ ಯಾರಿಗೂ ಒಂದು ಕಾಸು ಕೊಡಬೇಕಾಗಿಲ್ಲ. ಅದೇ ರೂಪವನ್ನು ಪಕ್ಕದ ಊರಿನವನು ಹಕ್ಕಿಲ್ಲದೆ ಕೆತ್ತಿಸಿದರೆ ನ್ಯೂ ಐರ್ಲೆಂಡಿನಲ್ಲಿ ಅವನು ದಂಡ ಕಟ್ಟಬೇಕು.